ಅಡುಗೆಮನೆಗೆ ಅಳತೆಪಟ್ಟಿ ಹಿಡಿಯುವ ಮುನ್ನ

ಮನೆಯನ್ನು ನವೀಕರಿಸುವ ಸಂದರ್ಭದಲ್ಲಿ ಯಾರ ಅಭಿಪ್ರಾಯವನ್ನು ಯಾವ ಕ್ರಮದಲ್ಲಿ ಕೇಳಲಾಗುತ್ತದೆ ಎಂಬುದನ್ನು ಗಮನಿಸಿದರೆ ಆ ಕುಟುಂಬದೊಳಗಿನ ಅಧಿಕಾರ ಶ್ರೇಣಿ ತಾನಾಗಿಯೇ ಗೋಚರಿಸುತ್ತದೆ. ಮೊದಲು ಮೇಸ್ತ್ರಿ, ಬಳಿಕ ವಾಸ್ತು ಹೇಳುವವರು, ಆಮೇಲೆ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಗ, ಅನಂತರ ಷೋರೂಮಿನ ವಿನ್ಯಾಸಕ. ಅಡುಗೆಮನೆಯ ಸರದಿ ಬಂದಾಗಲೂ ಈ ಕ್ರಮ ಬದಲಾಗುವುದಿಲ್ಲ. ಪ್ರತಿದಿನ ಗಂಟೆಗಟ್ಟಲೆ ಅಲ್ಲಿ ನಿಂತು ದುಡಿಯುವವರನ್ನು ಕೇಳುವುದು ಕಟ್ಟಕಡೆಯಲ್ಲಿ. ಅದೂ ‘ಟೈಲ್ಸ್ ಯಾವ ಬಣ್ಣದ್ದಿರಲಿ?’ ಎಂಬ ಒಂದೇ ಪ್ರಶ್ನೆ.

ತುಮಕೂರು ನಗರದ ಹಲವು ಬಡಾವಣೆಗಳಲ್ಲಿ ಮೂವತ್ತು ನಲವತ್ತು ವರ್ಷಗಳ ಹಿಂದೆ ಸರ್ಕಾರಿ ನೌಕರರು, ಶಿಕ್ಷಕರು, ಬ್ಯಾಂಕ್ ಸಿಬ್ಬಂದಿ ಸಾಲ ಮಾಡಿ ಕಟ್ಟಿಸಿದ ಮನೆಗಳು ಈಗ ಒಂದೊಂದಾಗಿ ದುರಸ್ತಿಗೆ ಬರುತ್ತಿವೆ. ಕಟ್ಟಿಸಿದವರು ನಿವೃತ್ತರಾಗಿದ್ದಾರೆ, ಕೈಯಲ್ಲಿ ಉಪದಾನದ ಹಣ ಸ್ವಲ್ಪ ಉಳಿದಿದೆ, ಕಡಪ ಕಲ್ಲಿನ ಕಟ್ಟೆಗೆ ಬಿರುಕು ಬಿದ್ದಿದೆ. ಈ ಸಾಲಿನಲ್ಲಿ ನಾನೂ ಒಬ್ಬ. ಆರು ತಿಂಗಳಿನಿಂದ ನಮ್ಮ ಮನೆಯಲ್ಲಿ ಅಡುಗೆಮನೆಯ ನವೀಕರಣದ ಯೋಜನೆ ನಡೆಯುತ್ತಿದೆ. ಅರ್ಥಶಾಸ್ತ್ರ ಓದಿ, ಅಂದಾಜು ಪಟ್ಟಿಗಳ ಮೇಲೆ ಸಹಿ ಹಾಕುತ್ತಲೇ ವೃತ್ತಿಜೀವನ ಕಳೆದವನಿಗೆ ಈ ಚಿಕ್ಕ ಯೋಜನೆ ಕೆಲವು ದೊಡ್ಡ ಪ್ರಶ್ನೆಗಳನ್ನು ಎದುರಿಗಿಟ್ಟಿದೆ. ಅವು ನಮ್ಮೊಂದು ಮನೆಗೆ ಸೀಮಿತವಾದವಲ್ಲ ಎಂಬ ಕಾರಣಕ್ಕೆ ಇಲ್ಲಿ ಪ್ರಸ್ತಾಪಿಸುತ್ತಿದ್ದೇನೆ.

ಮೊದಲಿಗೆ ಕೆಲವು ಅಂಕಿಅಂಶಗಳನ್ನು ನೋಡೋಣ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಆರು ವರ್ಷ ಮೇಲ್ಪಟ್ಟವರ ಪೈಕಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ್ದವರು ಮಹಿಳೆಯರಲ್ಲಿ ಶೇ 81.2, ಪುರುಷರಲ್ಲಿ ಶೇ 26.1. ಹಾಗೆ ತೊಡಗಿದವರು ದಿನವೊಂದಕ್ಕೆ ಅದಕ್ಕಾಗಿ ವ್ಯಯಿಸಿದ ಸರಾಸರಿ ಸಮಯ ಮಹಿಳೆಯರದು 299 ನಿಮಿಷ, ಪುರುಷರದು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಈ ಪ್ರಮಾಣ ಕ್ರಮವಾಗಿ 289 ಮತ್ತು 88 ನಿಮಿಷಗಳಿಗೆ ಇಳಿದಿದೆ. ಐದು ವರ್ಷಗಳಲ್ಲಿ ಮಹಿಳೆಗೆ ದೊರೆತ ಬಿಡುವು ದಿನಕ್ಕೆ ಹತ್ತು ನಿಮಿಷ ಮಾತ್ರ. 289 ನಿಮಿಷಗಳನ್ನು ವರ್ಷಕ್ಕೆ ವಿಸ್ತರಿಸಿದರೆ ಸುಮಾರು 1,758 ಗಂಟೆಗಳಾಗುತ್ತವೆ. ದಿನಕ್ಕೆ ಎಂಟು ಗಂಟೆಯ ದುಡಿಮೆ ಎಂದು ಭಾಗಿಸಿದರೆ 220 ದಿನ. ಹೆಚ್ಚುಕಡಿಮೆ ಇದು ಒಬ್ಬ ಸರ್ಕಾರಿ ನೌಕರನ ವರ್ಷದ ಹಾಜರಿ. ವ್ಯತ್ಯಾಸವೆಂದರೆ ಈ ನೌಕರಿಗೆ ವೇತನವಿಲ್ಲ, ಗಳಿಕೆ ರಜೆಯಿಲ್ಲ, ನಿವೃತ್ತಿಯಂತೂ ಇಲ್ಲವೇ ಇಲ್ಲ. ಸಮೀಕ್ಷೆಯ ಮನೆಗೆಲಸವೆಂದರೆ ಅಡುಗೆಯೊಂದೇ ಅಲ್ಲ ಎಂಬುದು ನಿಜ. ಆದರೆ ಅದರ ದೊಡ್ಡ ಪಾಲು ಯಾವ ಕೋಣೆಯಲ್ಲಿ ನಡೆಯುತ್ತದೆ ಎಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ದುಡಿಮೆ ರಾಷ್ಟ್ರೀಯ ಆದಾಯದ ಲೆಕ್ಕಕ್ಕೆ ಸೇರುವುದಿಲ್ಲ. ಕೇಂಬ್ರಿಡ್ಜಿನ ಅರ್ಥಶಾಸ್ತ್ರಜ್ಞ ಎ.ಸಿ. ಪಿಗೂ 1920ರಲ್ಲೇ ಇದರ ವಿಪರ್ಯಾಸವನ್ನು ಗುರುತಿಸಿದ್ದರು. ಸಂಬಳ ಪಡೆದು ಮನೆ ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಯಜಮಾನ ಮದುವೆಯಾದರೆ ದೇಶದ ಆದಾಯ ಅಷ್ಟರಮಟ್ಟಿಗೆ ಕುಸಿಯುತ್ತದೆ. ಕೆಲಸ ಮಾತ್ರ ಅದೇ, ಕೈಗಳೂ ಅವೇ. ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ 1970ರ ದಶಕದಲ್ಲಿ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಜನರ ದಿನಚರಿಯನ್ನು ದಾಖಲಿಸಿ, ಕಾಣದ ಈ ದುಡಿಮೆಯನ್ನು ಕಾಣುವಂತೆ ಮಾಡಿದವರಲ್ಲಿ ಪ್ರಮುಖರು. ಅರ್ಥಶಾಸ್ತ್ರ ಯಾವುದನ್ನು ಎಣಿಸುವುದಿಲ್ಲವೋ ಅದಕ್ಕೆ ಬಂಡವಾಳ ಹೂಡಲು ಸಮಾಜ ಹಿಂಜರಿಯುತ್ತದೆ. ಸರ್ಕಾರಗಳ ವಿಷಯದಲ್ಲಿ ನಿಜವಾದ ಈ ಮಾತು ಕುಟುಂಬಗಳ ವಿಷಯದಲ್ಲಿಯೂ ಸುಳ್ಳಲ್ಲ.

ನಮ್ಮ ಮಧ್ಯಮವರ್ಗದ ಮನೆಗಳ ವೆಚ್ಚವನ್ನೇ ಪರಿಶೀಲಿಸಿ. ತೇಗದ ಮುಂಬಾಗಿಲು, ನಡುಮನೆಯ ಸುಳ್ಳು ಛಾವಣಿ, ಟಿ.ವಿ. ಗೋಡೆಯ ಅಲಂಕಾರ ಇವುಗಳಿಗೆ ಧಾರಾಳವಾಗಿ ಹಣ ಬಿಚ್ಚುವ ನಾವು ಅಡುಗೆಮನೆಗೆ ಬಂದೊಡನೆ ಚೌಕಾಸಿಗೆ ಇಳಿಯುತ್ತೇವೆ. ಅಥವಾ ಈಚಿನ ವರ್ಷಗಳಲ್ಲಿ ಆಗುತ್ತಿರುವಂತೆ, ಅಡುಗೆಮನೆಯನ್ನೂ ನಡುಮನೆಯ ವಿಸ್ತರಣೆಯೆಂದು ಭಾವಿಸಿ ಅದರ ಹೊಳಪಿಗೆ ಹಣ ಸುರಿಯುತ್ತೇವೆ. ಎರಡೂ ಸಂದರ್ಭಗಳಲ್ಲಿ ಕೆಲಸದ ಅನುಕೂಲ ಲೆಕ್ಕದಿಂದ ಹೊರಗುಳಿಯುತ್ತದೆ. ಯಂತ್ರವೊಂದನ್ನು ಕೊಳ್ಳುವಾಗ ಕಾರ್ಖಾನೆಯವನು ಅದು ದಿನಕ್ಕೆ ಎಷ್ಟು ಗಂಟೆ ಓಡುತ್ತದೆಂದು ಕೇಳುತ್ತಾನೆ. ಹೂಡಿದ ಹಣವನ್ನು ಬಳಕೆಯ ಗಂಟೆಗಳಿಂದ ಭಾಗಿಸುವ ಅದೇ ಲೆಕ್ಕವನ್ನು ಮನೆಗೂ ಅನ್ವಯಿಸಿದರೆ, ತಿಂಗಳಿಗೆ ಒಂದೆರಡು ಬಾರಿ ಅತಿಥಿಗಳು ಕೂರುವ ಸೋಫಾಕ್ಕಿಂತ ದಿನಕ್ಕೆ ಮೂರು ಹೊತ್ತು ಬಳಕೆಯಾಗುವ ಕಟ್ಟೆಯ ಮೇಲಿನ ಒಂದು ದೀಪ ಹೆಚ್ಚು ಲಾಭದಾಯಕ ಹೂಡಿಕೆಯಾಗಿ ತೋರುತ್ತದೆ.

ಹಾಗಾದರೆ ಯೋಜನೆ ಎಲ್ಲಿಂದ ಆರಂಭವಾಗಬೇಕು? ಕೋಣೆಯ ಉದ್ದಗಲದಿಂದ ಅಲ್ಲ, ಅಲ್ಲಿ ದುಡಿಯುವವರ ಮೈಯಿಂದ ಎಂಬುದು ನನ್ನ ವಾದ. ಸಿದ್ಧ ಅಡುಗೆಮನೆಗಳ ಮಾರಾಟಗಾರರು ಕಟ್ಟೆಯನ್ನು ಸಾಮಾನ್ಯವಾಗಿ 34ರಿಂದ 36 ಅಂಗುಲ ಎತ್ತರಕ್ಕೆ ನಿಗದಿಪಡಿಸುತ್ತಾರೆ. ಭಾರತೀಯ ಮಹಿಳೆಯ ಸರಾಸರಿ ಎತ್ತರ ಸುಮಾರು 152 ಸೆಂಟಿಮೀಟರ್, ಅಂದರೆ ಐದು ಅಡಿ. ಐದಡಿಯವರ ಮೊಣಕೈ ನೆಲದಿಂದ ಹೆಚ್ಚೆಂದರೆ 38 ಅಂಗುಲದ ಎತ್ತರದಲ್ಲಿರುತ್ತದೆ. ನಿಂತು ಕೆಲಸ ಮಾಡುವಾಗ ಕೈಯೂರುವ ಮಟ್ಟ ಮೊಣಕೈಗಿಂತ ನಾಲ್ಕರಿಂದ ಆರು ಅಂಗುಲ ಕೆಳಗಿದ್ದರೆ ಹೆಗಲಿಗೂ ಸೊಂಟಕ್ಕೂ ಹಿತ. 34 ಅಂಗುಲದ ಕಟ್ಟೆಯ ಮೇಲೆ ನಾಲ್ಕೈದು ಅಂಗುಲದ ಗ್ಯಾಸ್ ಒಲೆ, ಅದರ ಮೇಲೊಂದು ಎಂಟಂಗುಲದ ಪಾತ್ರೆ ಇಟ್ಟರೆ ಅದರ ಬಾಯಿ ಆಕೆಯ ಎದೆಮಟ್ಟಕ್ಕೆ ಬರುತ್ತದೆ. ಹೆಗಲನ್ನು ಎತ್ತಿ ಹಿಡಿದೇ ಸೌಟು ಆಡಿಸಬೇಕು. ಸಂಜೆ ಕಾಣಿಸಿಕೊಳ್ಳುವ ಕುತ್ತಿಗೆ ನೋವಿಗೆ ನಾವು ವಯಸ್ಸನ್ನು ಕಾರಣವಾಗಿ ಹೇಳುತ್ತೇವೆ. ಕಾರಣ ಗ್ರಾನೈಟಿನ ಕೆಳಗಿರುವ ಆ ನಾಲ್ಕು ಸಾಲು ಇಟ್ಟಿಗೆಯೂ ಆಗಿರಬಹುದು.

ಈ ಸಿದ್ಧ ಮಾದರಿಯ ಮೂಲವನ್ನು ಹುಡುಕಿದರೆ ನಾವು ಜರ್ಮನಿಗೆ ಹೋಗಬೇಕಾಗುತ್ತದೆ. ಮೊದಲ ಮಹಾಯುದ್ಧದ ನಂತರ ಫ್ರಾಂಕ್‌ಫರ್ಟ್ ನಗರ ಕಾರ್ಮಿಕರಿಗಾಗಿ ಕಟ್ಟಿಸಿದ ವಸತಿಗಳಿಗೆ 1926ರಲ್ಲಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್‌ಕಿ ಎಂಬ ವಾಸ್ತುಶಿಲ್ಪಿ ಒಂದು ಅಡುಗೆಮನೆಯನ್ನು ರೂಪಿಸಿದರು. ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಕಿರಿದಾದ ಕೋಣೆ. ಎಲ್ಲವೂ ಕೈಗೆಟಕುವಂತೆ, ಹೆಜ್ಜೆಗಳು ಉಳಿಯುವಂತೆ ಲೆಕ್ಕ ಹಾಕಿ ಜೋಡಿಸಿದ್ದು. ಅಂಥ ಸುಮಾರು ಹತ್ತು ಸಾವಿರ ಅಡುಗೆಮನೆಗಳು ನಿರ್ಮಾಣವಾದವು. ಗೃಹಿಣಿಯ ಶ್ರಮವನ್ನು ಕಾರ್ಖಾನೆಯ ಶ್ರಮದಷ್ಟೇ ಗಂಭೀರವಾಗಿ ಪರಿಗಣಿಸಿದ್ದು ಅದರ ಹಿರಿಮೆ. ಆದರೆ ಒಬ್ಬರಿಗಿಂತ ಹೆಚ್ಚು ಜನ ಅಲ್ಲಿ ನಿಲ್ಲಲಾಗುತ್ತಿರಲಿಲ್ಲ. ಗೃಹಿಣಿಯ ಹೆಜ್ಜೆಗಳು ಉಳಿದವು, ಜೊತೆಗೆ ಆಕೆ ಒಂಟಿಯೂ ಆದಳು. ಇಂದು ನಾವು ಮಾಡ್ಯುಲರ್ ಕಿಚನ್ ಎಂದು ಕರೆಯುವುದು ಈ ವಂಶದ ಕುಡಿ. ಅದರಿಂದ ನಾವು ಪಡೆಯಬೇಕಾಗಿದ್ದುದು ಅಳೆಯುವ ವಿಧಾನವನ್ನು. ಪಡೆದುಕೊಂಡದ್ದು ಬೇರೆಯವರ ಮೈಯ ಅಳತೆಗಳನ್ನು.

ಆ ಅಳತೆಗಳಲ್ಲಿ ಮುದ್ದೆಗೆ ಸ್ಥಾನವಿಲ್ಲ. ತುಮಕೂರು ಜಿಲ್ಲೆಯ ಮನೆಗಳಲ್ಲಿ ಇದು ಸಣ್ಣ ಲೋಪವಲ್ಲ. ಕುದಿಯುವ ಎಸರಿಗೆ ರಾಗಿ ಹಿಟ್ಟು ಹಾಕಿ ಬೇಯಿಸಿದ ಮೇಲೆ ಅದನ್ನು ಗಂಟಿಲ್ಲದಂತೆ ತೊಳಸಲು ತೋಳಿನ ಬಲವೊಂದೇ ಸಾಲದು, ಮೈಯ ಭಾರವನ್ನೇ ಕೋಲಿನ ಮೇಲೆ ಬಿಡಬೇಕು. ಹಿಂದಿನವರು ನೆಲದ ಮಟ್ಟದಲ್ಲಿ ಪಾತ್ರೆಯನ್ನಿಟ್ಟು, ಕವೆಗೋಲಿನಿಂದ ಅದನ್ನು ಅಲುಗದಂತೆ ಒತ್ತಿ ಹಿಡಿದು, ಮೇಲಿನಿಂದ ಕೋಲು ಆಡಿಸುತ್ತಿದ್ದರು. ನಿಂತು ಅಡುಗೆ ಮಾಡುವ ಕಟ್ಟೆ ಬಂದ ಮೇಲೆ ಕವೆಗೋಲು ಮಾಯವಾಯಿತು, ಮುದ್ದೆ ಮಾತ್ರ ಉಳಿಯಿತು. ಈಗ ಅನೇಕ ಮನೆಗಳಲ್ಲಿ ನಡೆಯುವುದೇನು? ಕುದಿಯುವ ಪಾತ್ರೆಯನ್ನು ಎದೆಮಟ್ಟದ ಒಲೆಯಿಂದ ಬಟ್ಟೆ ಹಿಡಿದು ನೆಲಕ್ಕೆ ಇಳಿಸುತ್ತಾರೆ, ಪಾದಗಳ ನಡುವೆ ಒತ್ತಿ ಹಿಡಿದು ತೊಳಸುತ್ತಾರೆ, ಮತ್ತೆ ಮೇಲೆತ್ತಿ ಒಲೆಯ ಮೇಲಿಡುತ್ತಾರೆ. ಅರವತ್ತು ದಾಟಿದ ಮಂಡಿಗಳಿಗೆ ಇದು ಶಿಕ್ಷೆ, ಮಕ್ಕಳು ಓಡಾಡುವ ಮನೆಯಲ್ಲಿ ಅಪಾಯ. ಒಲೆಯ ಪಕ್ಕದಲ್ಲೇ ಹದಿನೆಂಟಿಪ್ಪತ್ತು ಅಂಗುಲ ಎತ್ತರದ, ಎರಡಡಿ ಚೌಕದ ಒಂದು ತಗ್ಗು ಕಲ್ಲುಕಟ್ಟೆ ಇದ್ದರೆ ಸಮಸ್ಯೆ ಬಹುಪಾಲು ಬಗೆಹರಿಯುತ್ತದೆ. ನಮ್ಮ ಯೋಜನೆಯಲ್ಲಿ ಅದಕ್ಕೆ ‘ಮುದ್ದೆಕಟ್ಟೆ’ ಎಂದು ಹೆಸರಿಟ್ಟಿದ್ದೇವೆ. ಸಲಹೆ ನನ್ನ ಪತ್ನಿಯದು. ನಾವು ನೋಡಿದ ಯಾವ ಷೋರೂಮಿನ ಪುಸ್ತಿಕೆಯಲ್ಲೂ ಅದರ ಚಿತ್ರವಿರಲಿಲ್ಲ.

ಅಡುಗೆ ಮಾಡುವವರನ್ನು ಕೇಳದೆ ಅಡುಗೆಮನೆಯನ್ನು ಸುಧಾರಿಸಲಾಗದು ಎಂಬ ಪಾಠವನ್ನು ಕಲಿಯಲು ನಾವು ಬಹಳ ದೂರ ಹೋಗಬೇಕಾಗಿಲ್ಲ. ಕುಣಿಗಲ್ ತಾಲ್ಲೂಕಿನಲ್ಲಿಯೇ ಅದರ ಉಜ್ವಲವಾದೊಂದು ಅಧ್ಯಾಯವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ಕೆ.ಎನ್. ರೆಡ್ಡಿಯವರ ನೇತೃತ್ವದಲ್ಲಿ ‘ಅಸ್ತ್ರ’ ಎಂಬ ವಿಭಾಗ ಆರಂಭವಾಯಿತು. ವಿಜ್ಞಾನ, ತಂತ್ರಜ್ಞಾನಗಳನ್ನು ಗ್ರಾಮೀಣ ಬದುಕಿಗೆ ಅನ್ವಯಿಸುವುದು ಅದರ ಉದ್ದೇಶ. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅದರ ವಿಸ್ತರಣಾ ಕೇಂದ್ರ ಸ್ಥಾಪನೆಯಾಯಿತು. ಸುತ್ತಲಿನ ಹಳ್ಳಿಗಳಲ್ಲಿ ಶಕ್ತಿಯ ಬಳಕೆಯನ್ನು ಮನೆಮನೆಗೆ ಹೋಗಿ ಅಳೆದಾಗ ಹೊರಬಿದ್ದ ಸತ್ಯವೆಂದರೆ, ಹಳ್ಳಿಯ ಇಂಧನದ ಸಿಂಹಪಾಲು ಸೌದೆ, ಆ ಸೌದೆಯ ಸಿಂಹಪಾಲು ಅಡುಗೆಗೆ. ಪಂಪ್‌ಸೆಟ್ಟು, ಬೀದಿದೀಪಗಳ ಬಗ್ಗೆಯೇ ಮಾತನಾಡುತ್ತಿದ್ದ ಅಂದಿನ ಯೋಜನಾಕಾರರಿಗೆ ಇದೊಂದು ಹೊಸ ನೋಟ.

1980ರ ದಶಕದ ಆರಂಭದಲ್ಲಿ ರೂಪುಗೊಂಡ ‘ಅಸ್ತ್ರ ಒಲೆ’ ಈ ಚಿಂತನೆಯ ಫಲ. ಒಂದೇ ಬೆಂಕಿಗೆ ಮೂರು ಪಾತ್ರೆ, ಮುಚ್ಚಿದ ಬೆಂಕಿಗೂಡು, ಹೊಗೆಯನ್ನು ಹೊರಗೊಯ್ಯುವ ಕೊಳವೆ. ಸೌದೆಯೂ ಉಳಿಯಿತು, ಕಣ್ಣೂ ಉಳಿಯಿತು. ಇದೇ ಕಾಲಕ್ಕೆ, 1983ರಲ್ಲಿ, ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವೂ ಆರಂಭವಾಗಿ 2002ರವರೆಗೆ ನಡೆಯಿತು. ಆದರೆ ದೇಶದಾದ್ಯಂತ ಹೀಗೆ ಹಾಕಿಸಿದ ಒಲೆಗಳಲ್ಲಿ ಅನೇಕವು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು. ಕೊಳವೆಯಲ್ಲಿ ಮಸಿ ಕಟ್ಟಿತು, ಮಣ್ಣು ಬಿರುಕು ಬಿಟ್ಟಿತು, ಸೌದೆಯನ್ನು ಸಣ್ಣದಾಗಿ ಸೀಳುವ ಹೆಚ್ಚುವರಿ ಕೆಲಸ ಮತ್ತೆ ಹೆಂಗಸಿನ ಪಾಲಿಗೇ ಬಂದಿತು. ಎಲ್ಲಿ ಕಟ್ಟುವವನಿಗೆ ತರಬೇತಿಯಿತ್ತೋ, ಬಳಸುವವಳ ಮಾತಿಗೆ ಬೆಲೆಯಿತ್ತೋ ಅಲ್ಲಿ ಒಲೆ ಉಳಿಯಿತು. ಗುರಿ ಮುಟ್ಟುವುದಷ್ಟೇ ಮುಖ್ಯವಾದಲ್ಲಿ ಅಂಕಿಅಂಶ ಉಳಿಯಿತು.

ಉಂಗ್ರದ ಸಮೀಪದ ಪುರ ಎಂಬ ಚಿಕ್ಕ ಹಳ್ಳಿಯ ಅನುಭವ ಇನ್ನೂ ಬೋಧಪ್ರದವಾದುದು. ಊರಿನ ಸಗಣಿಯನ್ನೆಲ್ಲ ಒಟ್ಟುಗೂಡಿಸಿ ಸಾಮುದಾಯಿಕ ಗೋಬರ್ ಅನಿಲ ಸ್ಥಾವರ ಕಟ್ಟಿ ಎಲ್ಲ ಮನೆಗಳಿಗೂ ಅಡುಗೆ ಅನಿಲ ಒದಗಿಸಬೇಕೆಂಬುದು ಮೊದಲ ಯೋಜನೆಯಾಗಿತ್ತು. ಆದರೆ ಅನಿಲ ಎರಡು ಹೊತ್ತಿನ ಅಡುಗೆಗೆ ಸಾಲಲಿಲ್ಲ. ಅರ್ಧ ಅಡುಗೆ ಅನಿಲದ ಒಲೆಯಲ್ಲಿ, ಉಳಿದರ್ಧ ಸೌದೆಯ ಒಲೆಯಲ್ಲಿ ಎಂದರೆ ಹೆಂಗಸಿಗೆ ಕೆಲಸ ಇಳಿಯಲಿಲ್ಲ, ನಿಭಾಯಿಸಬೇಕಾದ ಒಲೆಗಳು ಎರಡಾದವು. ಆಗ ವಿಜ್ಞಾನಿಗಳು ಊರವರ ಆದ್ಯತೆಯೇನೆಂದು ವಿಚಾರಿಸಿದಾಗ ದೊರೆತ ಉತ್ತರ ಕುಡಿಯುವ ನೀರು. ಯೋಜನೆಯ ದಿಕ್ಕೇ ಬದಲಾಯಿತು. 1987ರಿಂದ ಅದೇ ಅನಿಲದಿಂದ ವಿದ್ಯುತ್ ಉತ್ಪಾದಿಸಿ, ಕೊಳವೆಬಾವಿಯ ನೀರನ್ನು ನಲ್ಲಿಗಳಿಗೂ ಬೆಳಕನ್ನು ಮನೆಗಳಿಗೂ ಕೊಡಲಾಯಿತು. 2006ರಲ್ಲಿ ನಿಧನರಾದ ರೆಡ್ಡಿಯವರು ಈ ವೈಫಲ್ಯವನ್ನೂ ಅದರಿಂದ ಕಲಿತ ಪಾಠವನ್ನೂ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾರೆ. ಅಷ್ಟು ದೊಡ್ಡ ವಿಜ್ಞಾನಿಗಳೇ ಕೇಳಿ ತಿಳಿದುಕೊಂಡದ್ದನ್ನು ನಮ್ಮ ಗುತ್ತಿಗೆದಾರರು, ವಿನ್ಯಾಸಕರು ಮತ್ತು ಮನೆಯ ಯಜಮಾನರು ಕೇಳದೆಯೇ ಬಲ್ಲೆವೆಂದು ಭಾವಿಸಿರುವುದು ಸೋಜಿಗ.

ಪುರದ ಆ ಎರಡು ಒಲೆಗಳ ಸಮಸ್ಯೆ ಇಂದು ಬೇರೊಂದು ರೂಪದಲ್ಲಿ ನಮ್ಮ ನಡುವೆ ಇದೆ. ಗುಬ್ಬಿ ತಾಲ್ಲೂಕಿನ ತೆಂಗು, ಅಡಕೆ ತೋಟಗಳ ನಡುವಿನ ಊರುಗಳಲ್ಲಿ ಹೊಸದಾಗಿ ಕಟ್ಟಿದ ಅಥವಾ ನವೀಕರಿಸಿದ ಮನೆಗಳಿಗೆ ಹೋಗಿ ನೋಡಿ. ಒಳಗೆ ಥಳಥಳಿಸುವ ಅಡುಗೆಮನೆ, ಗಾಜಿನ ಒಲೆ, ಬಿಡಿಸದ ಪ್ಲಾಸ್ಟಿಕ್ ಹೊದಿಕೆಯ ಚಿಮಣಿ. ಹಿತ್ತಿಲಿಗೆ ಬಂದರೆ ತಗಡಿನ ಮಾಡಿನ ಕೆಳಗೆ ಹಳೆಯ ಒಲೆ. ಸ್ನಾನದ ನೀರು, ಮುದ್ದೆ, ಬಾಡಿನ ಸಾರು, ಹಬ್ಬದ ಅಡುಗೆ ಎಲ್ಲವೂ ಅಲ್ಲಿಯೇ. ಇದಕ್ಕೆ ಆ ಮನೆಯವರ ಅಜ್ಞಾನ ಕಾರಣವಲ್ಲ. ತೋಟದಲ್ಲಿ ಮಟ್ಟೆ, ಗರಿ, ಚಿಪ್ಪು ಪುಕ್ಕಟೆಯಾಗಿ ಬಿದ್ದಿರುವಾಗ ಸಿಲಿಂಡರನ್ನು ಉಳಿಸಿ ಬಳಸುವುದು ಸಹಜವಾದ ಆರ್ಥಿಕ ವಿವೇಕ. ಪ್ರಶ್ನೆ ಇರುವುದು ಹೂಡಿಕೆಯ ದಿಕ್ಕಿನಲ್ಲಿ. ಲಕ್ಷಗಟ್ಟಲೆ ಹಣ ಒಳಗಿನ, ಹೊಗೆಯಿಲ್ಲದ ಕೋಣೆಗೆ ಸಂದಾಯವಾಗುತ್ತದೆ. ಹೊಗೆ ಇರುವ ಕಡೆ ಒಂದು ಕೊಳವೆಗೂ ಹಣವಿಲ್ಲ. ಲ್ಯಾನ್ಸೆಟ್ ಸಮೂಹದ ಪತ್ರಿಕೆಯೊಂದು 2018ರಲ್ಲಿ ಪ್ರಕಟಿಸಿದ ಅಧ್ಯಯನ, 2017ರಲ್ಲಿ ಭಾರತದಲ್ಲಿ ಮನೆಯೊಳಗಿನ ವಾಯುಮಾಲಿನ್ಯದಿಂದ ಸಂಭವಿಸಿದ ಸಾವುಗಳನ್ನು ಸುಮಾರು 4.8 ಲಕ್ಷವೆಂದು ಅಂದಾಜಿಸಿತ್ತು. ಉಜ್ವಲ ಯೋಜನೆ 2016ರಿಂದ ಕೋಟ್ಯಂತರ ಮನೆಗಳಿಗೆ ಗ್ಯಾಸ್ ಸಂಪರ್ಕ ಕೊಟ್ಟಿದೆ, ನಿಜ. ಆದರೆ ಸಂಪರ್ಕ ಬಂದ ದಿನವೇ ಹಳೆಯ ಒಲೆ ಆರುವುದಿಲ್ಲ. ನವೀಕರಣ ಎಂದರೆ ಹಿತ್ತಿಲಿನ ಒಲೆಯನ್ನೂ ಅಡುಗೆಮನೆಯ ಭಾಗವೆಂದು ಒಪ್ಪಿಕೊಂಡು, ಅದಕ್ಕೊಂದು ಗಟ್ಟಿಯಾದ ಹೊಗೆಕೊಳವೆ, ನಿಂತು ಕೆಲಸ ಮಾಡುವ ಎತ್ತರ ಮತ್ತು ಮಳೆ ತಾಗದ ಮಾಡನ್ನು ಕೊಡುವುದು.

ನಗರದ ಮನೆಗಳಲ್ಲಿ ಲೆಕ್ಕಾಚಾರ ಬೇರೆ. ಅಡುಗೆ ಅನಿಲದ ಸಿಲಿಂಡರನ್ನು ಚೆಂದಕ್ಕಾಗಿ ಗಾಳಿಯಾಡದ ಕಪಾಟಿನೊಳಗೆ ಮುಚ್ಚಿಡುವ ಹವ್ಯಾಸ ಹೆಚ್ಚುತ್ತಿದೆ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲಮಟ್ಟದಲ್ಲಿ ನಿಲ್ಲುತ್ತದೆ. ಕಪಾಟಿನ ತಳದಲ್ಲಿ ಜಾಲರಿ ಇರಬೇಕಾದುದು ಅನಿವಾರ್ಯ. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು, ರಬ್ಬರ್ ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಸಿಂಕಿನ ಕೆಳಗಿನ ಕಪಾಟಿಗೆ ಸಾಮಾನ್ಯ ಪ್ಲೈವುಡ್ ಹಾಕಿದರೆ ಎರಡು ಮಳೆಗಾಲದಲ್ಲಿ ಉಬ್ಬುತ್ತದೆ. ಐಎಸ್ 710 ಗುರುತಿನ ಪ್ಲೈವುಡ್ ಅನ್ನೇ ಕೇಳಿ ಪಡೆಯಬೇಕು, ಇಲ್ಲವೇ ನಮ್ಮ ಹಳೆಯ ಕಡಪ ಕಲ್ಲಿನ ಹಲಗೆಗಳನ್ನೇ ಉಳಿಸಿಕೊಳ್ಳಬೇಕು. ಅವಕ್ಕೆ ಗೆದ್ದಲಿನ ಭಯವಿಲ್ಲ. ನಮ್ಮ ಒಗ್ಗರಣೆಯ ಘಾಟಿಗೆ ಹೊರಗೆ ಕೊಳವೆಯಿಲ್ಲದ ಚಿಮಣಿ ಬರೀ ಅಲಂಕಾರ. ಗೋಡೆಯ ಮೇಲ್ಭಾಗದ ಒಂದು ಫ್ಯಾನು, ಪೂರ್ವಕ್ಕೊಂದು ಕಿಟಕಿ ಅದಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ. ಆಗ್ನೇಯ ಮೂಲೆಯ ಒಲೆ ಸಿಕ್ಕಿದರೆ ಸಂತೋಷ. ಆದರೆ ಅದಕ್ಕಾಗಿ ಕಿಟಕಿಯನ್ನು ಮುಚ್ಚುವುದು ಅಗ್ನಿಗೂ ಹಿತವಲ್ಲ, ಅಡುಗೆಯವರಿಗೂ ಹಿತವಲ್ಲ.

ನಮ್ಮ ಯೋಜನೆಗೆ ಮುನ್ನ ನಾವಿಬ್ಬರೂ ಒಂದು ವಾರ ಒಂದು ನೋಟ್‌ಬುಕ್ ಇಟ್ಟೆವು. ಯಾವ ವಸ್ತುವಿಗಾಗಿ ಬಗ್ಗುತ್ತೇವೆ, ಯಾವುದಕ್ಕಾಗಿ ಸ್ಟೂಲ್ ಹತ್ತುತ್ತೇವೆ, ಯಾವ ಕೆಲಸಕ್ಕೆ ಬೆಳಕು ಸಾಲದು ಎಂಬುದಷ್ಟೇ ಅದರಲ್ಲಿ ದಾಖಲು. ವಾರದ ಕೊನೆಯಲ್ಲಿ ಕಂಡದ್ದು ಇಷ್ಟು: ದಿನವೂ ಬೇಕಾಗುವ ರಾಗಿ ಹಿಟ್ಟಿನ ಡಬ್ಬ ಎಲ್ಲಕ್ಕಿಂತ ಕೆಳಗಿನ ಕಪಾಟಿನ ಹಿಂದಿನ ಸಾಲಿನಲ್ಲಿ. ವರ್ಷಕ್ಕೊಮ್ಮೆಯೂ ಹೊರಬಾರದ ಉಡುಗೊರೆಯ ಪಿಂಗಾಣಿ ತಟ್ಟೆಗಳು ಕಣ್ಣಮಟ್ಟದಲ್ಲಿ. ಈ ನೋಟ್‌ಬುಕ್‌ಗೆ ಒಂದು ಪೈಸೆ ಖರ್ಚಿಲ್ಲ. ಅಂದಾಜು ಪಟ್ಟಿ ಸಿದ್ಧಪಡಿಸುವ ಮೊದಲು ಪ್ರತಿ ಮನೆಯವರೂ ಇದನ್ನು ಮಾಡಬಹುದು. ನಿವೃತ್ತಿಯ ನಂತರ ಬೆಳಗಿನ ಕಾಫಿ, ತಿಂಡಿ ನನ್ನ ಪಾಲಿನ ಕೆಲಸ. ನನ್ನ ಎತ್ತರ ಐದಡಿ ಎಂಟಂಗುಲ, ಪತ್ನಿಯದು ಐದಡಿ. ಹೀಗಾಗಿ ಒಲೆಯ ಕಟ್ಟೆಯನ್ನು ಅವರ ಅಳತೆಗೆ 28 ಅಂಗುಲ ಮಾಡಿ, ಎದುರು ಗೋಡೆಯ ಬಳಿ ತರಕಾರಿ ಹೆಚ್ಚುವ ಕಟ್ಟೆಯೊಂದನ್ನು ನನ್ನ ಅಳತೆಗೆ 36 ಅಂಗುಲ ಮಾಡಲು ತೀರ್ಮಾನಿಸಿದ್ದೇವೆ. ಎರಡೆತ್ತರದ ಕಟ್ಟೆ ನೋಡಲು ಚೆನ್ನಾಗಿರುವುದಿಲ್ಲವೆಂದು ಮೇಸ್ತ್ರಿ ಹೇಳುತ್ತಾರೆ. ಇರಬಹುದು.

ಇನ್ನೂ ಒಂದು ಕಾರಣವಿದೆ. ಅದನ್ನು ಹೇಳಲು ಸಂಕೋಚವಾದರೂ ಹೇಳಲೇಬೇಕು. ಅರವತ್ತು ದಾಟಿದ ದಂಪತಿ ಈಗ ಕಟ್ಟುವ ಅಡುಗೆಮನೆ ಪ್ರಾಯಶಃ ಅವರ ಕೊನೆಯ ಅಡುಗೆಮನೆ. ಮಕ್ಕಳು ದೂರದಲ್ಲಿದ್ದಾರೆ. ಇಂದಲ್ಲ ನಾಳೆ ಇಬ್ಬರಲ್ಲೊಬ್ಬರು ಅಲ್ಲಿ ಒಬ್ಬರೇ ನಿಲ್ಲಬೇಕಾಗುತ್ತದೆ. ಆ ಒಬ್ಬರು ಗಂಡಸಾದರೆ, ಅನ್ನಕ್ಕೆ ಎಷ್ಟು ನೀರಿಡಬೇಕೆಂದು ತಿಳಿಯದ ಅನೇಕ ಗೌರವಾನ್ವಿತ ನಿವೃತ್ತರ ಪಾಡನ್ನು ನಾನು ಈ ಊರಿನಲ್ಲೇ ಕಂಡಿದ್ದೇನೆ. ಹೆಂಗಸಾದರೆ, ಅಟ್ಟದ ಮೇಲಿನ ಪಾತ್ರೆಗಾಗಿ ಸ್ಟೂಲ್ ಹತ್ತಿ ಬಿದ್ದು ಸೊಂಟ ಮುರಿದುಕೊಂಡವರ ಸಂಖ್ಯೆ ಕಡಿಮೆಯೇನಲ್ಲ. ಜಾರದ ನೆಲ, ಬಗ್ಗದೆ ಎಳೆಯಬಹುದಾದ ಡ್ರಾಯರ್, ಕುಳಿತು ಹೆಚ್ಚಲು ಒಂದು ಕುರ್ಚಿಗೆ ಜಾಗ, ಅಟ್ಟಕ್ಕೆ ವಿದಾಯ ಇವೆಲ್ಲ ಆ ದಿನಕ್ಕಾಗಿ ಈಗಲೇ ಮಾಡಬೇಕಾದ ಏರ್ಪಾಡು. ಇಬ್ಬರೂ ಜೊತೆಯಲ್ಲಿ ನಿಲ್ಲುವಷ್ಟು ಅಗಲವಿದ್ದರೆ ಒಬ್ಬರ ಕೆಲಸ ಇನ್ನೊಬ್ಬರಿಗೆ ಬರುತ್ತದೆ. ಫ್ರಾಂಕ್‌ಫರ್ಟಿನ ಕೋಣೆಯಲ್ಲಿ ಇಲ್ಲದಿದ್ದುದು ಇದೇ.

ಹೆಂಗಸರೇ ಹೊಳಪಿನ ಅಡುಗೆಮನೆ ಬಯಸುತ್ತಾರಲ್ಲ ಎಂಬ ಆಕ್ಷೇಪ ಬರಬಹುದು. ಬಯಸಲಿ. ಜೀವಮಾನವಿಡೀ ಮಸಿಯೊಂದಿಗೆ ಬದುಕಿದವರಿಗೆ ಸುಂದರವಾದ ಕೋಣೆಯ ಹಂಬಲವಿರುವುದರಲ್ಲಿ ತಪ್ಪೇನಿದೆ? ಅಳತೆ ಸರಿಯಾಗಿದ್ದ ಮೇಲೆ ಬಣ್ಣಕ್ಕೆ ನನ್ನ ತಕರಾರಿಲ್ಲ. ಮತ್ತೊಂದು ಸಂಗತಿ: ಅನೇಕ ಮನೆಗಳಲ್ಲಿ ಪಾತ್ರೆ ತೊಳೆಯುವವರು, ಅಡುಗೆ ಮಾಡುವವರು ಮನೆಯೊಡತಿಯಲ್ಲ, ಸಂಬಳಕ್ಕೆ ಬರುವ ಇನ್ನೊಬ್ಬ ಹೆಣ್ಣುಮಗಳು. ಸಿಂಕಿನ ಎತ್ತರ ನಿಗದಿಪಡಿಸುವಾಗ ಆಕೆಯನ್ನೂ ಒಮ್ಮೆ ನಿಲ್ಲಿಸಿ ಅಳೆಯುವ ಸೌಜನ್ಯ ನಮಗಿರಬೇಕು.

ಸರ್ಕಾರದ ಪಾಲೂ ಇದರಲ್ಲಿದೆ. ರಾಷ್ಟ್ರೀಯ ಕಟ್ಟಡ ಸಂಹಿತೆ ಅಡುಗೆಕೋಣೆಗೆ ಕನಿಷ್ಠ 5 ಚದರ ಮೀಟರ್ ವಿಸ್ತೀರ್ಣ, 1.8 ಮೀಟರ್ ಅಗಲ ಇರಬೇಕೆನ್ನುತ್ತದೆ. 2016ರ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ ಮನೆಯ ಕನಿಷ್ಠ ವಿಸ್ತೀರ್ಣವನ್ನು 25 ಚದರ ಮೀಟರಿಗೆ ಏರಿಸಿ, ಅದರಲ್ಲಿ ಶುಚಿಯಾದ ಅಡುಗೆಗೆ ಪ್ರತ್ಯೇಕ ಸ್ಥಳವಿರಬೇಕೆಂದು ವಿಧಿಸಿತು. ಇವು ಸ್ವಾಗತಾರ್ಹ. ಆದರೆ ಇವೆಲ್ಲ ಸ್ಥಳದ ಅಳತೆಗಳು. ನನ್ನ ಸೇವಾವಧಿಯಲ್ಲಿ ಶಾಲೆ, ಅಂಗನವಾಡಿ, ವಸತಿನಿಲಯಗಳ ಅಡುಗೆಕೋಣೆಗಳ ಎಷ್ಟೋ ಅಂದಾಜು ಪಟ್ಟಿಗಳು ನನ್ನ ಮೇಜನ್ನು ದಾಟಿ ಹೋಗಿವೆ. ಅಡುಗೆಯವರನ್ನು ವಿಚಾರಿಸಲಾಗಿದೆಯೇ ಎಂಬ ಅಂಕಣ ಆ ನಮೂನೆಗಳಲ್ಲಿ ಇರಲೇ ಇಲ್ಲ. ಆ ಒಂದು ಅಂಕಣವನ್ನು ಸೇರಿಸಲು ಹೊಸ ಕಾನೂನು ಬೇಕಿಲ್ಲ, ಹೆಚ್ಚುವರಿ ಅನುದಾನವೂ ಬೇಕಿಲ್ಲ. ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್‌ಗಳ ವಿದ್ಯಾರ್ಥಿಗಳು ಒಂದೊಂದು ಹೋಬಳಿಯಲ್ಲಿ ಹತ್ತಾರು ಅಡುಗೆಮನೆಗಳನ್ನು ಅಳೆದು, ಮುದ್ದೆ ಮಾಡುವ ಮನೆಗೆ ಹೊಂದುವ ಕಟ್ಟೆಯ ನಕ್ಷೆಯೊಂದನ್ನು ಸಿದ್ಧಪಡಿಸಿ ಮೇಸ್ತ್ರಿಗಳ ಕೈಗೆ ಕೊಟ್ಟರೆ ಅದು ಉಂಗ್ರದಲ್ಲಿ ಆರಂಭವಾದ ಕೆಲಸದ ಯೋಗ್ಯ ಮುಂದುವರಿಕೆಯಾದೀತು.

ಅಭಿವೃದ್ಧಿಯ ಬಗ್ಗೆ ನಾವು ಆಡುವ ದೊಡ್ಡ ಮಾತುಗಳಿಗೆ ಮನೆಯೊಳಗೇ ಒಂದು ಪರೀಕ್ಷೆ ಇದೆ. ಫಲಾನುಭವಿಯನ್ನು ಕೇಳಿ ಯೋಜನೆ ರೂಪಿಸಬೇಕೆಂದು ಸರ್ಕಾರಕ್ಕೆ ಬುದ್ಧಿ ಹೇಳುವ ವಿದ್ಯಾವಂತರು ತಮ್ಮ ಮನೆಯ ಎಂಟು ಅಡಿ ಅಗಲದ ಕೋಣೆಯಲ್ಲಿ ಅದನ್ನು ಪಾಲಿಸಿ ತೋರಿಸಬಹುದು. ಅಳತೆಪಟ್ಟಿಯನ್ನು ಗೋಡೆಗೆ ಹಿಡಿಯುವ ಮುನ್ನ ನೆಲದಿಂದ ಮೊಣಕೈಯವರೆಗೆ ಹಿಡಿಯಿರಿ. ಬಣ್ಣದ ಪ್ರಶ್ನೆ ಕಡೆಗಿರಲಿ. ‘ಎಲ್ಲಿ ನೋಯುತ್ತದೆ?’ ಎಂಬ ಪ್ರಶ್ನೆ ಮೊದಲು ಬರಲಿ.